ಎಲ್ಲಿದ್ದೀಯ ಎಂದು ಕೇಳುತ್ತಿದ್ದ ಆಪಾ

ಅವರು ಫೋನಿನಲ್ಲಿ ಹಲೋ ಅಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಆ ಕಡೆಯವರು ಫೋನ್ ಎತ್ತಿದ ಕೂಡಲೇ "ಎಲ್ಲಿದ್ದೀಯಪ್ಪ?" ಎನ್ನುತ್ತಿದ್ದರು. ಕೋಲಾರ, ಮಾಲೂರಿನ ಹುಡುಗರಾದರೆ ಕನ್ನಡದಲ್ಲಿ. ಶ್ರೀನಿವಾಸಪುರ, ಗೌನಿಪಲ್ಲಿ ಕಡೆಯವರಾದರೆ ತೆಲುಗಿನಲ್ಲಿ, "ಎಕ್ಕಡುನ್ನಾವಮ್ಮಾ?" ತಮ್ಮ ಮೊಹಲ್ಲಾದ ಹುಡುಗರಾದರೆ "ಕಾಂ ಹೈ ರೇ?" ಉತ್ತರ ಬಂದಮೇಲೆ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಕಪ್ಪು ಪೆನ್ನು ತೆಗೆದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಲ್ಲರೂ ಹಾಜರಿಗೆ ಒಂದು ಗುರುತು, ಗೈರಿಗೆ ಒಂದು ಗುರುತು ಹಾಕುತ್ತಾರೆ. ಅವರು ಜಾಗ ಬರೆಯುತ್ತಿದ್ದರು. 'ಕಂಪನಿ ಬಸ್ಸು.' 'ಮಾವಿನ ತೋಪು, ಮರದ ಮೇಲೆ.' 'ನೀರಿನ ಟ್ಯಾಂಕಿನ ಹತ್ರ.' 'ಅಜ್ಜಿ ಜೊತೆ ಆಸ್ಪತ್ರೆ.' 'ಮನೇಲೇ ಅಂತಾನೆ, ಹಿಂದೆ ಕ್ರಿಕೆಟ್ ಸದ್ದು.'

ಆ ಹಾಜರಿ ಪುಸ್ತಕ ಈಗ ನನ್ನ ಹತ್ತಿರ ಇದೆ. ಹೇಗೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ಕೋಲಾರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಟ್ಯುಟೋರಿಯಲ್ ಇತ್ತು. ನಿವೃತ್ತ ಉಪನ್ಯಾಸಕರೊಬ್ಬರು ನಡೆಸುತ್ತಿದ್ದರು. ಬಿ.ಕಾಂ. ಓದುವ ಹುಡುಗ ಹುಡುಗಿಯರು ಕಾಲೇಜು ಮುಗಿಸಿಕೊಂಡು, ಇಲ್ಲವೇ ಫೇಲಾದ ಪೇಪರ್ ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿದ ವರ್ಷವೇ ಅಲ್ಲಿ ಸಂಖ್ಯಾಶಾಸ್ತ್ರ ಕಲಿಸಲು ಸೇರಿದೆ. ಮಾಲೂರಿನಿಂದ ಬೆಳಿಗ್ಗೆ ಹೊರಟು ಸಂಜೆ ಮರಳುತ್ತಿದ್ದೆ. ಅವರು ಅಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದರು. ಪಿಯುಸಿವರೆಗೆ ಓದಿದ್ದರು. ಅದರಲ್ಲೂ ಗಣಿತ ಇರಲಿಲ್ಲ. ಈ ಎರಡು ಸಂಗತಿಗಳನ್ನು ನಾನು ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಅಕ್ಕ ಎಂದರ್ಥ. ಅವರ ಮನೆಮಂದಿ ಮಾತ್ರವಲ್ಲ, ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ಹುಡುಗನೂ ಆಪಾ ಎನ್ನುತ್ತಿದ್ದ. ನಮ್ಮ ಸರ್ ಕೂಡ ಹಾಗೇ ಕರೆಯುತ್ತಿದ್ದರು, ಅವರು ಆಪಾಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನೊಬ್ಬಳೇ 'ನೋಡಿ', 'ಸ್ವಲ್ಪ ಕೇಳಿ' ಎಂದು ಕರೆಯುವ ಪದ ತಪ್ಪಿಸಿ ಮಾತಾಡುತ್ತಿದ್ದೆ. ನಲವತ್ತೈದರ ಆಸುಪಾಸಿನ ಗಿಡ್ಡ ಹೆಂಗಸು. ಬಂದ ಕೂಡಲೇ ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಸೆರಗು ತಲೆಗೆಳೆದುಕೊಂಡು, ಬಾಯಿಗೊಂದು ಲವಂಗ ಹಾಕಿಕೊಂಡು ಕೂರುತ್ತಿದ್ದರು. ಕನ್ನಡಕದ ಒಂದು ಕಾಲು ಮುರಿದಿತ್ತು. ಅದರ ಜಾಗಕ್ಕೆ ಹಾಸಿಗೆ ಹೊಲಿಯುವ ದಾರ ಕಟ್ಟಿದ್ದರು. ಅವರ ಗಂಡನದು ಹತ್ತಿ ಹಾಸಿಗೆಯ ಅಂಗಡಿ.

ಅವರಿಗೆ ಊರ ಉಸಾಬರಿ ಬಹಳ. ಯಾರ ಮನೆಯಲ್ಲಿ ಯಾರಿಗೆ ಯಾರೊಂದಿಗೆ ಮಾತು ಬಿಟ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಸುಳ್ಳನ್ನೂ ಸಲೀಸಾಗಿ ಹೇಳುತ್ತಿದ್ದರು. ಸರ್ ಒಳಗೇ ಕೂತಿದ್ದರೂ ಫೋನಿನಲ್ಲಿ "ಸರ್ ಬೆಂಗಳೂರಿಗೆ ಹೋಗವ್ರೆ" ಎನ್ನುತ್ತಿದ್ದರು. ನಾನು ತಲೆ ಎತ್ತಿ ನೋಡಿದರೆ, "ಮೇಡಂ, ನೀವು ಲೆಕ್ಕದೋರು. ನಿಮಗೆ ಒಂದಕ್ಕೆ ಒಂದೇ ಉತ್ತರ. ನಮಗೆ ಹಂಗೆ ನಡಿಯಲ್ಲ" ಎನ್ನುತ್ತಿದ್ದರು.

ಆಫೀಸಿಗೂ ತರಗತಿಗೂ ನಡುವೆ ಒಂದು ಸಣ್ಣ ಕಿಟಕಿ ಇತ್ತು. ಚಾಕ್‌ಪೀಸು, ಡಸ್ಟರು ಅದರಲ್ಲೇ ಬರುತ್ತಿದ್ದವು. ನಾನು ಪಾಠ ಮಾಡುವಾಗ ಆ ಕಿಟಕಿ ತೆರೆದೇ ಇರುತ್ತಿತ್ತು. ಮುಚ್ಚಿ ಎಂದು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಆ ತರಗತಿಯ ಮೂರನೇ ಬೆಂಚಿನಲ್ಲಿ ನಾಗವೇಣಿ ಕೂರುತ್ತಿದ್ದಳು. ಗೌನಿಪಲ್ಲಿ ಹತ್ತಿರದ ಹಳ್ಳಿಯವಳು, ಮನೆಮಾತು ತೆಲುಗು. ಹಿಂದಿನ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ಫೇಲಾಗಿದ್ದಳು. ಪ್ರಶ್ನೆ ಕೇಳುತ್ತಿರಲಿಲ್ಲ, ಉತ್ತರವನ್ನೂ ಹೇಳುತ್ತಿರಲಿಲ್ಲ. ಆದರೆ ಲೆಕ್ಕದ ಒಂದು ಮೆಟ್ಟಿಲು ಅರ್ಥವಾಗದಿದ್ದರೆ ಅವಳ ಪೆನ್ಸಿಲ್ ನಿಲ್ಲುತ್ತಿತ್ತು, ಹುಬ್ಬಿನ ನಡುವೆ ಒಂದು ಗೆರೆ ಮೂಡುತ್ತಿತ್ತು. ಅರ್ಥವಾದ ಕ್ಷಣ ಆ ಗೆರೆ ಹೋಗುತ್ತಿತ್ತು. ನಾನು ಆ ಗೆರೆ ನೋಡಿಕೊಂಡು ಮುಂದಿನ ಮೆಟ್ಟಿಲಿಗೆ ಹೋಗುತ್ತಿದ್ದೆ. ಉಳಿದ ಮೂವತ್ತು ಮಂದಿಗೂ ಅವಳೇ ಅಳತೆಗೋಲು. ಇದನ್ನು ಅವಳಿಗಾಗಲಿ ಬೇರೆ ಯಾರಿಗಾಗಲಿ ನಾನು ಹೇಳಿರಲಿಲ್ಲ. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಅವಳು ಪಾಸಾಗಬೇಕು, ಪಾಸಾದಾಗ ನನ್ನ ವಿದ್ಯಾರ್ಥಿನಿ ಎಂದು ನನಗೆ ಗೊತ್ತಿರಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಆಮೇಲೆ ಲಾಕ್‌ಡೌನ್ ಬಂದು ಎಲ್ಲ ಮುಚ್ಚಿದರು. ಕಾಲೇಜು ಮುಚ್ಚಿತು, ಟ್ಯುಟೋರಿಯಲ್ ಮುಚ್ಚಿತು, ಬಸ್ಸು ನಿಂತಿತು. ಪಾಠಗಳು ಫೋನಿಗೆ ಬಂದವು.

ನಾನು ಅದಕ್ಕೆ ಸಿದ್ಧಳಾದಷ್ಟು ಆ ಟ್ಯುಟೋರಿಯಲ್‌ನಲ್ಲಿ ಯಾರೂ ಸಿದ್ಧರಾಗಲಿಲ್ಲ. ಮಾಲೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ವಿಡಿಯೋ ಮಾಡುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದರೆ ಮೊದಲಿನಿಂದ. ಒಂದು ಮಾತು ತೊದಲಿದರೆ ಮೊದಲಿನಿಂದ. ಪ್ರತಿ ಪಾಠಕ್ಕೂ ಟಿಪ್ಪಣಿ ಟೈಪ್ ಮಾಡಿ, ಚಿತ್ರ ಬಿಡಿಸಿ, ಸೂತ್ರಗಳಿಗೆ ಚೌಕಟ್ಟು ಹಾಕಿ ಗ್ರೂಪಿಗೆ ಕಳಿಸುತ್ತಿದ್ದೆ. ಅವುಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಮೊದಲ ವಿಡಿಯೋವನ್ನು ಬಹುತೇಕ ಎಲ್ಲರೂ ನೋಡಿದರು. ಐದನೆಯದನ್ನು ಅರ್ಧದಷ್ಟು ಜನ. ಎಂಟನೆಯದನ್ನು ನಾಲ್ಕು ಮಂದಿ, ಅದರಲ್ಲಿ ಒಬ್ಬಳು ನಾನು.

ಆಪಾ ಮಾಡಿದ್ದು ಇಷ್ಟೇ. ಆನ್‌ಲೈನ್ ಹಾಜರಿ ತೆಗೆದುಕೊಳ್ಳಿ ಎಂದು ಸರ್ ಹೇಳಿದ್ದರು. ಆನ್‌ಲೈನ್ ಎಂದರೆ ಫೋನು ಎಂದುಕೊಂಡು ಅವರು ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದರು. ತಪ್ಪಾಗಿ ತಿಳಿದದ್ದು. ಆದರೆ ಯಾರೂ ತಿದ್ದಲಿಲ್ಲ. ಗಂಡನ ಅಂಗಡಿ ಮುಚ್ಚಿತ್ತು. ಒಳಗೆ ಹತ್ತಿ ಮೂಟೆಗಳ ನಡುವೆ ಕೂತು ಫೋನ್ ಹಚ್ಚುತ್ತಿದ್ದರು. "ಹತ್ತಿ ಒಳಗೆ ಒಂದು ಸದ್ದೂ ಬರಲ್ಲ ಮೇಡಂ, ಸಿನಿಮಾ ಸ್ಟುಡಿಯೋ ಥರ" ಎಂದು ನನಗೆ ಹೇಳಿದರು. ಕುಕ್ಕರ್ ಸೀಟಿಯೊಂದಿಗೆ ಹೋರಾಡುತ್ತಿದ್ದ ನನಗೆ ಆ ಹತ್ತಿ ಮೂಟೆಗಳ ಮೇಲೂ ಹೊಟ್ಟೆಕಿಚ್ಚಾಯಿತು.

ಯಾರು ಯಾವಾಗ ಎಲ್ಲಿರುತ್ತಾರೆ ಎಂಬುದು ಅವರಿಗೆ ಎರಡೇ ವಾರದಲ್ಲಿ ತಿಳಿಯಿತು. ಬೀಗ ತೆಗೆದು ಕಂಪನಿಗಳು ಶುರುವಾದಾಗ ನರಸಾಪುರಕ್ಕೆ ಕೆಲಸಕ್ಕೆ ಸೇರಿದ ಹುಡುಗರಿಗೆ ಪಾಳಿ ಬಿಟ್ಟು ಕಂಪನಿ ಬಸ್ಸು ಹತ್ತಿದ ಮೇಲೆ ಮಾಡುತ್ತಿದ್ದರು. ಮಾವಿನ ಕೊಯ್ಲಿನವರಿಗೆ ಮಧ್ಯಾಹ್ನ ಊಟದ ಹೊತ್ತಿಗೆ. ಮುಳಬಾಗಿಲು ಕಡೆಯ ಒಬ್ಬ ಹುಡುಗನಿಗೆ ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅವನು ಎಮ್ಮೆ ಮೇಯಿಸಲು ಅಲ್ಲಿಗೆ ಹೋಗುವ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದರು. ಎಲ್ಲಿದ್ದೀಯ ಎಂದು ಕೇಳಿ, ಬರೆದುಕೊಂಡು, ಊಟ ಆಯ್ತಾ ಎಂದು ಕೇಳಿ, ಆಮೇಲೆ ಮೇಡಂ ಕಳಿಸಿದ್ದು ಓದಿದೆಯಾ ಎನ್ನುತ್ತಿದ್ದರು. ಓದಿದೆ ಎಂದರೆ, "ಹಂಗಾದ್ರೆ ಎರಡನೇ ಪುಟ ನನಗೆ ಹೇಳಪ್ಪ, ನಂಗೆ ತಲೆಗೆ ಹತ್ತಲಿಲ್ಲ."

ನಿಜವಾಗಿಯೂ ಅವರ ತಲೆಗೆ ಹತ್ತಿರುತ್ತಿರಲಿಲ್ಲ. ಹುಡುಗರು ಅವರಿಗೆ ಹೇಳಿಕೊಡಲು ಹೋಗಿ ತಾವು ಎಲ್ಲಿ ಸಿಕ್ಕಿಬಿದ್ದಿದ್ದೇವೆಂದು ಕಂಡುಕೊಳ್ಳುತ್ತಿದ್ದರು. ಇಬ್ಬರೂ ಸಿಕ್ಕಿಬಿದ್ದರೆ ಆಪಾ ನನಗೆ ಫೋನ್ ಮಾಡುತ್ತಿದ್ದರು.

"ಮೇಡಂ, ಒಂದು ಡೌಟು. ಸರಾಸರಿಯಿಂದ ಯಾವುದು ಎಷ್ಟು ದೂರ ಅಂತ ಕಳೀತೀವಿ, ಸರಿ. ಆಮೇಲೆ ಅದನ್ನ ಯಾಕೆ ವರ್ಗ ಮಾಡ್ಬೇಕು? ಸುಮ್ನೆ ಕೂಡಿದ್ರೆ ಆಗಲ್ವಾ?"

ನಾನು ಹೇಳಿದೆ: ಸರಾಸರಿಯಿಂದ ಇರುವ ವ್ಯತ್ಯಾಸಗಳನ್ನು ಕೂಡಿದರೆ ಮೊತ್ತ ಯಾವಾಗಲೂ ಸೊನ್ನೆ. ಧನ ಮತ್ತು ಋಣ ಒಂದನ್ನೊಂದು ಅಳಿಸುತ್ತವೆ. ವರ್ಗ ಮಾಡಿದರೆ ಋಣ ಚಿಹ್ನೆ ಹೋಗುತ್ತದೆ.

"ಅಂದ್ರೆ ಪ್ಲಸ್ಸು ಮೈನಸ್ಸು ಹೊಡೆದಾಡ್ಕೊಂಡು ಏನೂ ಉಳಿಯಲ್ಲ."

"ಹೌದು."

"ಇಷ್ಟಕ್ಕೆ ಎರಡು ಪುಟ ಬರ್ದಿದ್ದೀರಲ್ಲ ಮೇಡಂ" ಎಂದು ನಕ್ಕು ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಗ್ರೂಪಿನಲ್ಲಿ ಅವರ ಧ್ವನಿ ಬಂತು.

"ನೋಡ್ರಪ್ಪ. ಶ್ರೀನಿವಾಸಪುರದ ಬಸ್ಸು ಒಂದು ದಿನ ಹತ್ತು ನಿಮಿಷ ಮುಂಚೆ ಹೊರಟೋಯ್ತು. ಇನ್ನೊಂದು ದಿನ ಹತ್ತು ನಿಮಿಷ ಲೇಟು. ಎರಡೂ ಕೂಡಿದ್ರೆ ಸೊನ್ನೆ, ಬಸ್ಸು ಕರೆಕ್ಟ್ ಟೈಮಿಗೆ ಬಂದಂಗೆ ಲೆಕ್ಕ. ನಿನಗೆ ಬಸ್ ಸಿಕ್ತೇನಪ್ಪ? ಒಂದು ದಿನ ತಪ್ಪೋಯ್ತು, ಒಂದು ದಿನ ಬಿಸಿಲಲ್ಲಿ ನಿಂತೆ. ಅದಕ್ಕೇ ವರ್ಗ ಮಾಡೋದು, ನೀನು ಪಟ್ಟ ಕಷ್ಟ ಲೆಕ್ಕದಿಂದ ತಪ್ಪಿಸ್ಕೋಬಾರ್ದು ಅಂತ."

ತಪ್ಪು ಹುಡುಕಲು ಅದನ್ನು ಏಳು ಸಲ ಕೇಳಿದೆ. ಸಿಗಲಿಲ್ಲ. ಕೆಳಗೆ ಇಪ್ಪತ್ತು ಜನ ನಕ್ಕಿದ್ದರು. ಒಬ್ಬ, "ಆಪಾ, ಈಗ ಗೊತ್ತಾಯ್ತು" ಎಂದು ಬರೆದಿದ್ದ. ಅದು ನಾನು ಹೇಳಿದ ವಿಷಯ. ನಾನು ಓದಿದ ಶಾಸ್ತ್ರ. ನನ್ನ ಕೈಯಿಂದ ಅವರ ಕೈಗೆ ಹೋಗಿ, ಅಲ್ಲಿಂದ ಹುಡುಗರ ಕೈಗೆ ಹೋಗುವಷ್ಟರಲ್ಲಿ ಅವರದಾಗಿಬಿಟ್ಟಿತ್ತು. ನೀರು ನನ್ನ ಬಾವಿಯದು, ಪುಣ್ಯ ಮಾತ್ರ ಹೊತ್ತು ತಂದ ಕೊಡಕ್ಕೆ. ಇಷ್ಟು ಸಣ್ಣ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂದು ಎರಡು ದಿನ ಯೋಚಿಸಿದೆ. ನಾನೂ ಅದೇ ನಿಲ್ದಾಣದಲ್ಲಿ ವರ್ಷವಿಡೀ ಬಸ್ಸಿಗೆ ಕಾದವಳೇ.

ಇನ್ನೊಂದು ವಿಷಯವನ್ನೂ ಇಲ್ಲೇ ಬರೆಯಬೇಕು. ಆ ಬಸ್ಸಿನ ಮಾತನ್ನು ನಾನು ಈಗಲೂ ನನ್ನ ತರಗತಿಗಳಲ್ಲಿ ಹೇಳುತ್ತೇನೆ. ಯಾರದೆಂದು ಹೇಳುವುದಿಲ್ಲ.

ಕೆಲವು ತಿಂಗಳ ಮೇಲೆ ಆಫೀಸು ತೆರೆಯಲು ಅನುಮತಿ ಸಿಕ್ಕಿತು, ತರಗತಿಗೆ ಇನ್ನೂ ಇಲ್ಲ. ಖಾಲಿ ತರಗತಿಯ ಬೋರ್ಡಿನ ಮುಂದೆ ವಿಡಿಯೋ ಮಾಡಲು ನಾನು ವಾರಕ್ಕೆರಡು ದಿನ ಕೋಲಾರಕ್ಕೆ ಬರತೊಡಗಿದೆ. ಕಿಟಕಿಯ ಆಚೆ ಆಪಾ ಫೋನ್ ಮಾಡುತ್ತಾ ಕೂತಿರುತ್ತಿದ್ದರು. ಮೊದಲು ನನ್ನ ಪಾಠ ಅವರಿಗೆ ಕೇಳಿಸುತ್ತಿತ್ತು, ಈಗ ಅವರದು ನನಗೆ. ಒಂದು ಮಧ್ಯಾಹ್ನ "ಎಕ್ಕಡುನ್ನಾವಮ್ಮಾ?" ಎಂದದ್ದು ಕೇಳಿತು. ಆಮೇಲೆ ನಾಗವೇಣಿಯ ಹೆಸರು. ನಾಗವೇಣಿಯೂ ನರಸಾಪುರದ ಒಂದು ಕಂಪನಿಗೆ ಸೇರಿದ್ದಳು. ನನಗೆ ತೆಲುಗು ಅರ್ಥವಾಗುತ್ತದೆ, ಆದರೆ ಆಡುವುದಿಲ್ಲ. ತಪ್ಪಾಗಿ ಬರುವ ಭಾಷೆಯನ್ನು ನಾನು ಬಾಯಿಗೆ ತರುವುದಿಲ್ಲ. ಆಪಾ ಆ ಹುಡುಗಿಯೊಂದಿಗೆ ಹಾಸ್ಟೆಲಿನ ಸಾಂಬಾರಿನ ಬಗ್ಗೆ, ಮೇಲ್ವಿಚಾರಕನ ಮೀಸೆಯ ಬಗ್ಗೆ, ಆಮೇಲೆ ಪ್ರಮಾಣ ವಿಚಲನೆಯ ಬಗ್ಗೆ ಮೂವತ್ತೆರಡು ನಿಮಿಷ ಮಾತಾಡಿದರು. ತರಗತಿಯಲ್ಲಿ ಒಂದು ವರ್ಷ ಬಾಯಿ ಬಿಡದ ಹುಡುಗಿ ಆ ಕಡೆಯಿಂದ ನಗುತ್ತಿದ್ದದ್ದು ಕಿಟಕಿಯ ಈಚೆಗೂ ಕೇಳಿಸುತ್ತಿತ್ತು. ನಾನು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಒರೆಸಿ ಮಾಲೂರಿಗೆ ಹೊರಟೆ.

ಕೊನೆಗೆ ಅವರು ತಪ್ಪಿದರು. ಎರಡು ಸಂಗತಿಗಳ ನಡುವಿನ ಸಹಸಂಬಂಧ ಹೇಳಿಕೊಡುವಾಗ, "ಮೈನಸ್ ಬಂದ್ರೆ ಸಂಬಂಧ ಇಲ್ಲ ಅಂತ ಬರೀರಿ" ಎಂದು ಗ್ರೂಪಿನಲ್ಲಿ ಹೇಳಿಬಿಟ್ಟರು. ಅದು ತಪ್ಪು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದರ್ಥ, ಸಂಬಂಧ ಇಲ್ಲ ಎಂದಲ್ಲ. ನಾನು ಅವರಿಗೆ ಫೋನ್ ಮಾಡಿ ಹೇಳಬಹುದಿತ್ತು. ಅವರು ಎಷ್ಟೋ ಸಲ ನನಗೆ ಮಾಡಿ ಕೇಳಿದ್ದರು. ಅದನ್ನು ಮಾಡದೆ, ಎಲ್ಲರೂ ಕೇಳಿಸಿಕೊಳ್ಳಲಿ ಎಂದು ಒಂದು ದಿನ ಕಾದೆ. ಆಮೇಲೆ ಗ್ರೂಪಿನಲ್ಲಿ ಬರೆದೆ. ಮೊದಲು ಸರಿಯಾದ ವಿವರಣೆ. ಕೆಳಗೆ: 'ಪಠ್ಯಕ್ಕೆ ಸಂಬಂಧಿಸಿದ ಸಂದೇಹಗಳನ್ನು ಇನ್ನು ಮುಂದೆ ಬೋಧಕರಲ್ಲಿ ಮಾತ್ರ ಕೇಳಿ. ಕಚೇರಿಯ ಸಿಬ್ಬಂದಿ ಕಚೇರಿಯ ವಿಷಯಗಳಿಗೆ ಮಾತ್ರ. ನಾನು ಪ್ರತಿದಿನ ಸಂಜೆ ಐದರಿಂದ ಏಳರವರೆಗೆ ಫೋನಿಗೆ ಸಿಗುತ್ತೇನೆ.' ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಆಪಾ ಕೂಡಲೇ ಉತ್ತರ ಬರೆದರು: 'ಮೇಡಂ ಹೇಳಿದ್ದು ಕರೆಕ್ಟು. ನಂದು ತಪ್ಪು. ಎಲ್ರೂ ತಿದ್ಕೊಳ್ಳಿ.' ಮರುದಿನ ನನಗೆ ಫೋನ್ ಮಾಡಿ, ಏನೂ ಆಗದವರಂತೆ, "ಮೈನಸ್ ಅಂದ್ರೆ ಏನು ಮೇಡಂ ಹಂಗಾದ್ರೆ?" ಎಂದು ಕೇಳಿದರು. ಹೇಳಿದೆ.

"ಓ, ಅತ್ತೆ ಸೊಸೆ ಥರ. ಒಬ್ರು ಮೇಲಾದ್ರೆ ಒಬ್ರು ಕೆಳಗೆ. ಸಂಬಂಧ ಇಲ್ಲ ಅನ್ನೋಕಾಗಲ್ಲ, ಜೋರಾಗೇ ಇದೆ."

ನಾನು ನಗಲಿಲ್ಲ. ಈ ಮಾತನ್ನು ಅವರು ಗ್ರೂಪಿಗೆ ಹಾಕಲಿಲ್ಲ. ಅದಾದಮೇಲೆ ಏನನ್ನೂ ಹಾಕಲಿಲ್ಲ. ಹಾಜರಿ ಪುಸ್ತಕ ತೆಗೆದುಕೊಂಡು ಮತ್ತೆ ಹತ್ತಿ ಅಂಗಡಿಗೇ ಹೋಗಿ ಕೂತರು.

ನಾನು ಪ್ರತಿ ಸಂಜೆ ಐದಕ್ಕೆ ನೋಟ್‌ಬುಕ್ಕು, ಚೂಪು ಮಾಡಿದ ಪೆನ್ಸಿಲ್ಲು ಇಟ್ಟುಕೊಂಡು ಕೂರುತ್ತಿದ್ದೆ. ಮೊದಲ ದಿನ ಒಬ್ಬ ಹುಡುಗನ ಕರೆ ಬಂತು. ಪರೀಕ್ಷೆ ಫಾರಂ ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿದ. ಅದು ಕಚೇರಿಯ ವಿಷಯ ಎಂದೆ. ಆಮೇಲೆ ಹನ್ನೊಂದು ದಿನ ಯಾರೂ ಮಾಡಲಿಲ್ಲ. ಅವರು ಆಪಾಗೂ ಸಂದೇಹ ಕೇಳುತ್ತಿಲ್ಲ, ನನಗೂ ಕೇಳುತ್ತಿಲ್ಲ. ಕೇಳುವುದನ್ನೇ ಬಿಟ್ಟಿದ್ದರು.

ಫಾರಂ ಕಟ್ಟಿದವರ ಪಟ್ಟಿಯನ್ನು ಸರ್ ಕಳಿಸಿದರು. ಕೊನೆಯ ದಿನಕ್ಕೆ ಇನ್ನು ಮೂರು ದಿನ ಇತ್ತು. ನಾಗವೇಣಿಯ ಹೆಸರು ಇರಲಿಲ್ಲ. ಮನೆಯಲ್ಲಿ, ಸಂಬಳ ಬರ್ತಾ ಇದೆಯಲ್ಲ, ಇನ್ನು ಡಿಗ್ರಿ ಯಾಕೆ ಅಂದಿದ್ದಾರಂತೆ ಎಂದರು ಸರ್. ನಾನು ಅವಳ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಏನು ಹೇಳಬೇಕೆಂದು ಮೊದಲೇ ಬರೆದುಕೊಂಡಿದ್ದೆ.

"ನಾಗವೇಣಿ, ಏಳನೇ ವಿಡಿಯೋ ನೋಡಿದೆಯಾ?"

"ಹೂಂ ಮೇಡಂ."

"ಏನಾದರೂ ಸಂದೇಹ ಇದೆಯಾ?"

"ಇಲ್ಲ ಮೇಡಂ."

"ಫಾರಂ ಕಟ್ಟಿಲ್ಲವಂತೆ."

"ನೋಡ್ತೀನಿ ಮೇಡಂ."

ಬರೆದುಕೊಂಡದ್ದರಲ್ಲಿ ಇನ್ನೂ ನಾಲ್ಕು ಸಾಲು ಉಳಿದಿದ್ದವು. ಇಡಲಾ ಮೇಡಂ ಎಂದಳು. ಹೂಂ ಎಂದೆ. ನಲವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿದಿತ್ತು.

ಮರುದಿನ ಕೋಲಾರಕ್ಕೆ ಹೋಗಿ ಆ ಹಾಸಿಗೆ ಅಂಗಡಿ ಹುಡುಕಿದೆ. ಆಪಾ ಒಳಗೆ ಉದ್ದನೆಯ ದಬ್ಬಳ ಹಿಡಿದು ಹಾಸಿಗೆಗೆ ಗಂಟು ಹಾಕುತ್ತಿದ್ದರು. ಕೂದಲಿಗೆಲ್ಲ ಹತ್ತಿ ಮೆತ್ತಿತ್ತು.

"ಬನ್ನಿ ಮೇಡಂ. ಮೂಟೆ ಮೇಲೇ ಕೂತ್ಕೊಳ್ಳಿ. ಮುಳುಗಿದ್ರೆ ಎತ್ತುತೀನಿ."

ನಾನು ನಿಂತೇ ಇದ್ದೆ. "ನಾಗವೇಣಿ ಫಾರಂ ಕಟ್ಟಿಲ್ಲ."

"ಗೊತ್ತು."

"ನೀವು ಒಂದು ಫೋನ್ ಮಾಡಬೇಕಿತ್ತು."

ದಬ್ಬಳ ಹಾಸಿಗೆಯ ಒಳಗೆ ಹೋಯಿತು, ಆ ಕಡೆ ಬಂತು. "ನೀವೇ ಬೇಡ ಅಂದ್ರಲ್ಲ ಮೇಡಂ. ಆಫೀಸ್ನೋರು ಆಫೀಸ್ ಕೆಲಸ ನೋಡ್ಕೋಬೇಕು ಅಂತ."

"ಅದು ಪಾಠದ ಬಗ್ಗೆ ಹೇಳಿದ್ದು."

"ಪಾಠ ಎಲ್ಲಿ ಮುಗೀತದೆ, ಮಾತು ಎಲ್ಲಿ ಶುರುವಾಗ್ತದೆ ನಂಗೆ ಗೊತ್ತಾಗಲ್ಲ. ನಿಮ್ಮಷ್ಟು ಓದಿಲ್ಲ ನೋಡಿ."

ಅವರು ಎರಡು ಗಂಟು ಮುಗಿಸುವವರೆಗೂ ನನ್ನನ್ನು ಹಾಗೇ ನಿಲ್ಲಿಸಿದರು. ಬೇಕೆಂದೇ ನಿಲ್ಲಿಸಿದ್ದು, ಅದು ನನಗೂ ಗೊತ್ತಿತ್ತು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದರು.

"ಏನ್ ಹೇಳ್ಲಿ ಅವಳಿಗೆ?"

"ಪರೀಕ್ಷೆ ಬರೆಯಲಿ ಅಂತ."

"ಅದನ್ನ ಅವರಪ್ಪನ್ನ ಬಿಟ್ಟು ಊರೋರೆಲ್ಲ ಹೇಳ್ತಾರೆ. ನೀವೇನ್ ಹೇಳ್ತೀರ?"

ನಾನು ಗೋಡೆಗೆ ಒರಗಿಸಿಟ್ಟ ಹಾಸಿಗೆಗಳನ್ನು ನೋಡುತ್ತಾ ನಿಂತೆ. ಆ ಮೂರನೇ ಬೆಂಚು, ನಿಂತ ಪೆನ್ಸಿಲ್ಲು, ಎಲ್ಲ ನೆನಪಾಯಿತು. ಅದು ಬಾಯಿಗೆ ಬರಲಿಲ್ಲ. "ಅವಳು ಬರೆಯಬೇಕು. ಅಷ್ಟೇ" ಎಂದೆ.

"ಆಯ್ತು ಹೋಗಿ. ನಾನು ಹೇಳ್ತೀನಿ."

ಮೆಟ್ಟಿಲು ಇಳಿಯುವಾಗ ಹಿಂದಿನಿಂದ "ಎಕ್ಕಡುನ್ನಾವಮ್ಮಾ?" ಎಂದದ್ದು ಕೇಳಿತು. ನಿಂತು ಕೇಳಬಹುದಿತ್ತು. ಕದ್ದು ಕೇಳುವವಳು ನಾನಲ್ಲ ಎಂದುಕೊಂಡು ನಡೆದೆ. ಕಿಟಕಿಯಿಂದ ಮೂವತ್ತೆರಡು ನಿಮಿಷ ಕೇಳಿದ್ದವಳು.

ನಾಗವೇಣಿ ಫಾರಂ ಕಟ್ಟಿದಳು. ಪರೀಕ್ಷೆ ಬರೆದಳು, ಪಾಸಾದಳು. ಗ್ರೂಪಿನಲ್ಲಿ 'ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಆಪಾ' ಎಂದು ಬರೆದಳು. ಮೊದಲು ನನಗೆ ಹೇಳಿದ್ದಾಳೆ ಎಂದು ಅರ್ಧ ದಿನ ಸಮಾಧಾನವಾಗಿತ್ತು. ಕಲಿಸಿದವರ ಹೆಸರು ಮೊದಲು ಹೇಳುವುದು ಬರೀ ಮರ್ಯಾದೆ ಎಂದು ಆಮೇಲೆ ಹೊಳೆಯಿತು. ಸಮಾಧಾನ ಹೋಯಿತು.

ಕಾಲೇಜುಗಳು ತೆರೆದವು. ಆನ್‌ಲೈನ್‌ನಲ್ಲೇ ಎಲ್ಲವೂ ಸಿಗುತ್ತದೆ ಎಂಬ ಅಭ್ಯಾಸ ಬಿದ್ದಿದ್ದ ಹುಡುಗರು ಟ್ಯುಟೋರಿಯಲ್‌ಗೆ ಮರಳಲಿಲ್ಲ. ಸರ್ ಅದನ್ನು ಮುಚ್ಚಿದರು. ಆಪಾ ಗಂಡನೊಂದಿಗೆ ಮದನಪಲ್ಲಿಗೆ ಹೋದರು, ಅಲ್ಲಿ ಅವರ ಮೈದುನನದೂ ಹಾಸಿಗೆ ಅಂಗಡಿ ಇತ್ತಂತೆ. ಹೊರಡುವ ದಿನ ಆಫೀಸಿನ ಬೀಗದ ಕೈ ಕೊಡಲು ಬಂದಿದ್ದರು. ನಾನು ನನ್ನ ಪುಸ್ತಕಗಳನ್ನು ಕಟ್ಟುತ್ತಿದ್ದೆ. "ಬರ್ತೀನಿ ಮೇಡಂ. ಕಿಟಕಿ ಮುಚ್ಚಿಲ್ಲ ನೋಡಿ, ಮುಚ್ಕೊಂಡು ಹೋಗಿ" ಎಂದರು. ನಾನು ಸರಿ ಎಂದೆ. ಅಷ್ಟು ವರ್ಷದ ಪರಿಚಯಕ್ಕೆ ಇಷ್ಟೇ ಮಾತು. ಹೊಸ ನಂಬರ್ ಕೇಳಲಿಲ್ಲ.

ಹಳೇ ಪೇಪರಿಗೆ ಹಾಕಲು ಇಟ್ಟಿದ್ದ ರಾಶಿಯಲ್ಲಿ ಆ ಹಾಜರಿ ಪುಸ್ತಕ ಇತ್ತು. ಯಾರೂ ನೋಡದಿದ್ದಾಗ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದು ನಾಗವೇಣಿಯ ಸಾಲು ಹುಡುಕಿದೆ. ನನ್ನ ಆ ಸಂದೇಶದ ನಂತರ ಹನ್ನೆರಡು ದಿನ ಖಾಲಿ. ನಾನು ಅಂಗಡಿಗೆ ಹೋದ ದಿನದ ಚೌಕದಲ್ಲಿ ಕಣ್ಣಿಗೆ ಹಿಡಿಯದಷ್ಟು ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ಕಂಪನಿ ಗೇಟು. ಅಳ್ತಾಳೆ. ಮೇಡಂ ಮಾತು ಹೇಳಿದೆ. ಬರೀತಾಳೆ.'

ಮೇಡಂ ಮಾತು ಎಂದರೆ ಯಾವುದು? 'ಪರೀಕ್ಷೆ ಬರೆಯಲಿ' ಎಂಬುದೊಂದೇ ನಾನು ಆಡಿದ್ದು. ಅದಕ್ಕೆ ಯಾರೂ ಅಳುವುದನ್ನು ನಿಲ್ಲಿಸುವುದಿಲ್ಲ. ಬಹಳ ದಿನ ಅದನ್ನೇ ಯೋಚಿಸಿದ್ದೆ. ಆಮೇಲೆ ಮಾಲೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು, ಪುಸ್ತಕ ಕಪಾಟು ಸೇರಿತು.

ಹೋದ ತಿಂಗಳು ಕೆಲಸದ ಮೇಲೆ ಕೋಲಾರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ "ಮೇಡಂ" ಎಂದು ಯಾರೋ ಕೂಗಿದರು. ನಾಗವೇಣಿ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ. ಅದೇ ಕಂಪನಿಯಲ್ಲಿ ಈಗ ಲೆಕ್ಕಪತ್ರ ವಿಭಾಗದಲ್ಲಿ ಇದ್ದಾಳಂತೆ, ಮನೆಯಿಂದಲೇ ಎಂ.ಕಾಂ. ಓದುತ್ತಿದ್ದಾಳಂತೆ. ಈಗ ಸರಾಗ ಮಾತಾಡುತ್ತಾಳೆ.

"ಅವತ್ತು ನೀವು ಆ ಮಾತು ಹೇಳಿಲ್ದಿದ್ರೆ ನಾನು ಬಿಟ್ಟೇಬಿಡ್ತಿದ್ದೆ ಮೇಡಂ" ಎಂದಳು.

"ಯಾವ ಮಾತು?"

"ಅದೇ, ಆಪಾ ಹೇಳಿದ್ರಲ್ಲ. ಮೇಡಂ ಅಂಗಡಿವರ್ಗೂ ಬಂದು ನಿಂತ್ಕೊಂಡು ಹೇಳಿ ಹೋದ್ರು ಅಂತ. 'ಕ್ಲಾಸಲ್ಲಿ ನಾನು ಆ ಹುಡುಗಿ ಮುಖ ನೋಡ್ಕೊಂಡೇ ಪಾಠ ಮಾಡ್ತಿದ್ದೆ. ಅವಳ ಪೆನ್ಸಿಲ್ ನಿಂತ್ರೆ ನಾನೂ ನಿಲ್ತಿದ್ದೆ. ಈಗ ಈ ಮೊಬೈಲಲ್ಲಿ ನಾನು ಯಾರ ಮುಖ ನೋಡ್ಕೊಂಡು ಮಾಡ್ಲಿ' ಅಂತ." ಅವಳು ಸ್ವಲ್ಪ ನಾಚಿದಳು. "ನಂಗೆ ಗೊತ್ತೇ ಇರ್ಲಿಲ್ಲ ಮೇಡಂ. ನೀವು ನನ್ನ ನೋಡ್ತಾನೇ ಇರ್ಲಿಲ್ಲ ಅಂದ್ಕೊಂಡಿದ್ದೆ."

ನಾನು ಆ ಮಾತು ಹೇಳಿರಲಿಲ್ಲ. ತಪ್ಪು ಹೇಳಿಕೆಯನ್ನು ತಿದ್ದದೆ ಬಿಟ್ಟವಳಲ್ಲ ನಾನು. ಬಾಯಿ ತೆರೆದೆ. ಆದರೆ ತಿದ್ದುವುದು ಯಾವುದನ್ನು? ಅದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಮುಚ್ಚಿಸಬೇಕೆಂದುಕೊಂಡಿದ್ದ ಆ ಕಿಟಕಿಯಿಂದ ಒಂದು ವರ್ಷ ನೋಡಿ, ನನ್ನೊಳಗೆ ಇದ್ದದ್ದನ್ನು ನನಗಿಂತ ಚೆನ್ನಾಗಿ ಓದಿಕೊಂಡು, ನನ್ನ ಹೆಸರಿನಲ್ಲೇ ಹೇಳಿಬಿಟ್ಟಿದ್ದರು. ನಾನು ಅವರ ಒಂದು ಮಾತನ್ನು ನನ್ನದೆಂದು ಹೇಳಿಕೊಂಡು ತಿರುಗುತ್ತಿದ್ದೆ. ಅವರು ತಮ್ಮ ಒಂದು ಮಾತನ್ನು ನನ್ನದೆಂದು ಕೊಟ್ಟು ಹೋಗಿದ್ದರು. ಅದನ್ನು ಹೇಳಿದ ಗಳಿಗೆಯಲ್ಲಿ ಆ ಹುಡುಗಿಯ ಹುಬ್ಬಿನ ನಡುವಿನ ಗೆರೆ ಹೋಗಿರುತ್ತದೆ. ಅದನ್ನು ಅಳಿಸಿದವರು ಅವರು, ನಾನಲ್ಲ.

"ಹೌದು" ಎಂದೆ. "ನೋಡುತ್ತಿದ್ದೆ."

"ಆಪಾ ನಿಮ್ಮನ್ನ ಕೇಳ್ತಿರ್ತಾರೆ ಮೇಡಂ. ವಾರಕ್ಕೊಂದ್ಸಲ ಫೋನ್ ಮಾಡ್ತೀನಿ."

ವಾರಕ್ಕೊಂದು ಸಲ. ನಾನು ಲೆಕ್ಕ ಹಾಕುವುದರೊಳಗೆ ಅವಳು ಫೋನ್ ಹಚ್ಚಿ, ರಿಂಗಾಗುತ್ತಿದ್ದಂತೆಯೇ ನನ್ನ ಕೈಗೆ ಕೊಟ್ಟಳು. "ಮಾತಾಡಿ ಮೇಡಂ." ಬೇಡ ಎನ್ನುವಷ್ಟರಲ್ಲಿ ಆ ಕಡೆ ಎತ್ತಿದರು.

"ಎಕ್ಕಡುನ್ನಾವಮ್ಮಾ?"

ಆ ಧ್ವನಿ ನನಗೆಂದು ತೆಗೆದದ್ದಲ್ಲ. ಆಪಾ ನನಗೆ ಎಷ್ಟೋ ಸಲ ಫೋನ್ ಮಾಡಿದ್ದರು. ಮೇಡಂ ಎಂದಿದ್ದರು, ಡೌಟು ಎಂದಿದ್ದರು. ಇದನ್ನೊಂದು ಮಾತ್ರ ಕೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಸಾಲು ಇರಲಿಲ್ಲವಲ್ಲ. ಒಂದು ಕ್ಷಣ ಫೋನನ್ನು ನಾಗವೇಣಿಗೆ ಮರಳಿಸಬೇಕೆನ್ನಿಸಿತು.

"ಬಸ್ ಸ್ಟ್ಯಾಂಡ್‌ಲೋ" ಎಂದೆ. ತೆಲುಗು ಸರಿಯಾಗಿತ್ತೋ ಇಲ್ಲವೋ. "ಕೋಲಾರ್. ಮೂಡೋ ಪ್ಲಾಟ್‌ಫಾರಂ."

ಆ ಕಡೆ ದಬ್ಬಳ ಕೆಳಗಿಟ್ಟ ಸದ್ದು. ಹಿಂದೆ ಹತ್ತಿಯ ಮೌನ.

"ಮೇಡಂ?" ಎಂದರು ಆಪಾ. "ಪ್ಲಾಟ್‌ಫಾರಂ ನಂಬರ್ ಸಮೇತ ಇನ್ಯಾರು ಹೇಳ್ತಾರೆ. ಇರಿ, ಪೆನ್ನು ತಗೋತೀನಿ."